ಮೊದಲ ಸಲ ಬಂದವರ ಬೋರ್ಡು

ಯಾವುದೇ ವಿಶ್ವವಿದ್ಯಾಲಯದ ಗೇಟಿನಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ನಿಂತು ನೋಡಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ಬಂದ ಮಗಳು, ಜೊತೆಗೆ ಅಪ್ಪ. ಎದುರಿಗೇ ದೊಡ್ಡ ನೀಲಿ ಬೋರ್ಡು ಇದೆ. ಆದರೂ ಅಪ್ಪ ಹೋಗುವುದು ಸೆಕ್ಯೂರಿಟಿಯವರ ಹತ್ತಿರ: ‘ಎಕ್ಸಾಂ ಸೆಕ್ಷನ್ ಎಲ್ಲಪ್ಪಾ?’ ‘ಸೀದಾ ಹೋಗಿ ಯಜಮಾನ್ರೆ, ಹುಣಸೆಮರ ಸಿಗುತ್ತೆ, ಅಲ್ಲಿ ಎಡಕ್ಕೆ.’

ಆ ಕಚೇರಿ ಬೋರ್ಡಿನಲ್ಲೂ ಇರುತ್ತದೆ, ‘ಕುಲಸಚಿವರು, ಮೌಲ್ಯಮಾಪನ’ ಎಂದು. ಅದು ಆದೇಶ ಪತ್ರದ ಹೆಸರು. ಹುಡುಕುವವರ ಬಾಯಲ್ಲಿರುವುದು ‘ಎಕ್ಸಾಂ ಸೆಕ್ಷನ್’, ಅಂದರೆ ‘ಪರೀಕ್ಷಾ ವಿಭಾಗ’. ಬಣ್ಣ, ಅಳತೆ, ಅಕ್ಷರ ಎಲ್ಲಕ್ಕಿಂತ ಮೊದಲು ಹೆಸರುಗಳನ್ನು ಸರಿಪಡಿಸಿಕೊಳ್ಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 400 ಎಕರೆಯಲ್ಲಿ ರಸ್ತೆಗಳಿಗೆ ಮರಗಳ ಹೆಸರಿದೆ: ಗುಲ್‌ಮೊಹರ್ ಮಾರ್ಗ, ಮಹಾಗನಿ ಮಾರ್ಗ, ಬಾದಾಮಿ ಮಾರ್ಗ, ಅರ್ಜುನ ಮಾರ್ಗ. ಒಮ್ಮೆ ಕೇಳಿದರೆ ನೆನಪಿನಲ್ಲಿ ಉಳಿಯುವ ಹೆಸರುಗಳು. ಹುಣಸೆಮರ ತೋರಿಸಿದ ಸೆಕ್ಯೂರಿಟಿಯವರ ಜಾಣತನವೂ ಇದೇ.

ದಾರಿ ತೋರಿಸುವ ಫಲಕಗಳನ್ನು ರೂಪಿಸುವ ವಿದ್ಯೆಯ ಹಿರಿಯರು ಬ್ರಿಟನ್ನಿನ ಜಾಕ್ ಕಿನಿಯರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್. 1958ರಲ್ಲಿ ತೆರೆದ ಹೊಸ ಗ್ಯಾಟ್ವಿಕ್ ವಿಮಾನ ನಿಲ್ದಾಣದ ಫಲಕಗಳಿಂದ ಶುರುಮಾಡಿ, 1965ರ ಜನವರಿ 1ರಿಂದ ಜಾರಿಗೆ ಬಂದ ಆ ದೇಶದ ರಸ್ತೆ ಫಲಕಗಳವರೆಗೆ ಇಬ್ಬರೂ ಜೊತೆಯಾಗಿ ದುಡಿದರು. ಮೇಜಿನ ಮೇಲೆ ಚೆನ್ನಾಗಿ ಕಂಡದ್ದನ್ನೇ ಅವರು ನಂಬಿಬಿಡಲಿಲ್ಲ. ಮಾದರಿ ಫಲಕಗಳನ್ನು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಮರಗಳಿಗೆ ಒರಗಿಸಿಟ್ಟು, ಎಷ್ಟು ದೂರದಿಂದ ಓದಲು ಬರುತ್ತದೆ, ಹಿಂದೆ ಯಾವ ಬಣ್ಣ ಒಪ್ಪುತ್ತದೆ ಎಂದು ಪರೀಕ್ಷಿಸಿದರು. ನಮ್ಮ ಕ್ಯಾಂಪಸ್ಸುಗಳಲ್ಲೂ ಟೆಂಡರ್ ಕರೆಯುವ ಮುನ್ನ ಕಾರ್ಡ್‌ಬೋರ್ಡಿನ ಮಾದರಿಗಳನ್ನು ಆಯಾ ಜಾಗದಲ್ಲೇ ನಿಲ್ಲಿಸಿ, ಬೆಳಿಗ್ಗೆಯೊಮ್ಮೆ, ಮುಸ್ಸಂಜೆಯೊಮ್ಮೆ ನೋಡಬಹುದಲ್ಲ. ಖರ್ಚು ಹೆಚ್ಚೇನೂ ಇಲ್ಲ.

ಅಕ್ಷರದ ಎತ್ತರಕ್ಕೆ ಬೋರ್ಡಿನ ಕಸುಬಿನವರಲ್ಲಿ ಒಂದು ಲೆಕ್ಕವಿದೆ: ಪ್ರತಿ 10 ಅಡಿ ದೂರಕ್ಕೆ 1 ಇಂಚು. 40 ಅಡಿ ಆಚೆಯಿಂದ ಓದಬೇಕಾದರೆ 4 ಇಂಚು. ಆದರೆ ಇದು ಇಂಗ್ಲಿಷಿನ ದೊಡ್ಡಕ್ಷರಗಳನ್ನು ನೋಡಿ ಹುಟ್ಟಿದ ಲೆಕ್ಕ. ಕನ್ನಡಕ್ಕೆ ಒತ್ತಕ್ಷರವಿದೆ. ‘ಸ್ನಾತಕೋತ್ತರ’ ಎಂದು ಬರೆದು ನೋಡಿ: ಸಾಲಿನ ಕೆಳಗೆ ಒಂದು ನ, ಒಂದು ತ ಇಳಿಬಿದ್ದಿವೆ. ಅವುಗಳಿಗೆ ಜಾಗ ಬಿಡದೆ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ಕಂಪ್ಯೂಟರಿನಲ್ಲಿ ಎರಡೂ ಭಾಷೆಗೆ ಒಂದೇ ಸೈಜ್ ಕೊಟ್ಟಾಗ ಕನ್ನಡ ಸಣ್ಣದಾಗಿ ಕಾಣುವುದೂ ಉಂಟು, ಮೇಲೆ ಕೆಳಗೆ ಜಾಗ ಬೇಕಾದ್ದರಿಂದ ಫಾಂಟಿನಲ್ಲಿ ಮೂಲಾಕ್ಷರವೇ ಕುಗ್ಗಿರುತ್ತದೆ. ನಾಮಫಲಕದಲ್ಲಿ ನೂರಕ್ಕೆ 60 ಪಾಲು ಕನ್ನಡ ಇರಬೇಕೆಂದು ರಾಜ್ಯ 2024ರಲ್ಲಿ ಕಾನೂನು ತಿದ್ದಿತು. ಜಾಗವೇನೋ ಸಿಕ್ಕಿತು, ಅಕ್ಷರ ಕಣ್ಣಿಗೆ ನಿಲುಕುವಂತೆ ಮಾಡುವ ಕೆಲಸ ವಿನ್ಯಾಸಕಾರರದು.

ದಪ್ಪ ಅಕ್ಷರ ಇನ್ನೊಂದು ಮೋಸ. ಶಾಲೆಯಲ್ಲಿ ಮೇಷ್ಟ್ರು ‘ಹೊಟ್ಟೆ ಸೀಳು’ ಎಂದು ಕಲಿಸಿದ ಧ, ಭಗಳ ಸೀಳು ದಪ್ಪ ಫಾಂಟಿನಲ್ಲಿ ಮುಚ್ಚಿಹೋಗಿ, ದೂರಕ್ಕೆ ದ, ಬ ಆಗಿಬಿಡುತ್ತವೆ. ಮಧ್ಯಮ ದಪ್ಪ, ಅಕ್ಷರಗಳ ನಡುವೆ ತುಸು ಹೆಚ್ಚು ಗಾಳಿ ಇದ್ದರೆ ಒಳ್ಳೆಯದು.

ಇನ್ನು ಬಿಸಿಲು, ಮಳೆ. ಕೆಂಪು ಬೇಗ ಮಾಸುತ್ತದೆ. ಹೊಳೆಯುವ ಸ್ಟೀಲ್ ತಗಡು ಮಧ್ಯಾಹ್ನ ಕಣ್ಣಿಗೆ ಹೊಡೆಯುತ್ತದೆ. ಬೇಸಿಗೆಯಲ್ಲಿ ನೆಟ್ಟ ಬೋರ್ಡನ್ನು ಮಳೆಗಾಲ ಮುಗಿಯುವಷ್ಟರಲ್ಲಿ ಕೊಂಬೆ ಮರೆಮಾಡಿರುತ್ತದೆ.

ನಕಾಶೆಯ ವಿಷಯದಲ್ಲಿ ಲಂಡನ್ನಿನ ‘ಲೆಜಿಬಲ್ ಲಂಡನ್’ ಫಲಕಗಳು ಮೆಚ್ಚುವಂಥವು. ಅಲ್ಲಿ ನಕಾಶೆಯ ಮೇಲ್ಭಾಗ ಉತ್ತರವಲ್ಲ. ನಿಂತವರ ಮುಖ ಯಾವ ಕಡೆಗಿದೆಯೋ ಆ ದಿಕ್ಕು. ನಕಾಶೆಯ ಎಡ ಓದುವವರಿಗೂ ಎಡವೇ. 5 ನಿಮಿಷ ನಡೆದರೆ ಎಲ್ಲಿಯವರೆಗೆ ಹೋಗಬಹುದೆಂದು ತೋರಿಸುವ ವೃತ್ತವೂ ಇದೆ. ನಮ್ಮಲ್ಲಿ ಆರ್ಕಿಟೆಕ್ಟರ ಪ್ಲಾನನ್ನೇ ಹಿಗ್ಗಿಸಿ ಗೇಟಿನಲ್ಲಿ ನಿಲ್ಲಿಸುವುದು ರೂಢಿ. ದಕ್ಷಿಣಕ್ಕೆ ಮುಖ ಮಾಡಿ ನಿಂತವರು ಅದನ್ನು ತಲೆಯೊಳಗೇ ತಿರುಗಿಸಿಕೊಳ್ಳಬೇಕು.

ಹೆಸರು ತಿದ್ದಿಸುವ ಅರ್ಜಿ ಕೊಟ್ಟು ಅಪ್ಪ, ಮಗಳು ಹೊರಬರುವಾಗ ಸಂಜೆ ನಾಲ್ಕು. ಊರಿನ ಬಸ್ಸಿಗೆ ಹೊತ್ತಾಗುತ್ತಿದೆ. ಹುಣಸೆಮರದ ಹತ್ತಿರ ದಾರಿ ಮೂರಾಗಿದೆ. ಗೇಟಿನಿಂದ ಬರುವವರಿಗೆ ದಾರಿ ತೋರಿಸುವ ಬೋರ್ಡೊಂದು ಅಲ್ಲಿ ನಿಂತಿದೆ, ಈಗ ಇವರಿಗೆ ಬೆನ್ನು ಮಾಡಿ. ಆ ಖಾಲಿ ತಗಡಿನ ಮೇಲೆ ‘ಮುಖ್ಯದ್ವಾರ’, ‘ಬಸ್ ನಿಲ್ದಾಣ’ ಎಂಬೆರಡು ಸಾಲು ಮತ್ತು ಒಂದು ಬಾಣಕ್ಕೆ ಬೇಕಾದಷ್ಟು ಜಾಗವಿದೆ.