ಚಂದ್ರವಳ್ಳಿಯ ಸೀಸದ ನಾಣ್ಯಗಳೂ ಗಣಿಯ ಊಹೆಯೂ

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಉತ್ಖನನವನ್ನು ನಡೆಯಿಸಿದರು. ಸಾತವಾಹನ ಕಾಲದ ಸೀಸದ ನಾಣ್ಯಗಳು ಈ ನೆಲದಲ್ಲಿ ದೊರೆತಿರುವುವು. ಸದಕಣ ಕಳಲಾಯ ಮಹಾರಠಿಯ ಹೆಸರುಳ್ಳವು ಅವುಗಳೊಳಗೆ ಪ್ರಸಿದ್ಧವಾದುವು. ಇವನ್ನು ಕಂಡೊಡನೆ ಈ ಸೀಮೆಯಲ್ಲಿ ಪೂರ್ವಕಾಲದ ಸೀಸದ ಗಣಿಗಳಿದ್ದುವೆಂಬ ಊಹೆಯು ಸಹಜವಾಗಿಯೇ ಹುಟ್ಟುವುದು. ಆದರೆ ನಾಣ್ಯವು ಸಿಕ್ಕಿದ ಸ್ಥಳವೇ ಲೋಹವು ಹುಟ್ಟಿದ ಸ್ಥಳವೆಂಬುದು ಹೇತ್ವಾಭಾಸವೇ ಸರಿ. ಅದೇ ಚಂದ್ರವಳ್ಳಿಯಲ್ಲಿ ರೋಮನರ ಬೆಳ್ಳಿಯ ದಿನಾರಿಗಳೂ ದೊರೆತಿವೆ. ಆ ಬೆಳ್ಳಿಯನ್ನು ಚಿತ್ರದುರ್ಗದ್ದೆಂದು ಯಾರೂ ಹೇಳಲಾರರು. ಇಂಗಳದಾಳಿನಲ್ಲಿ ತಾಮ್ರವನ್ನು ತೆಗೆದುದು ನಿಜ. ಅದು ತಾಮ್ರಕ್ಕೆ ಸಾಕ್ಷಿಯೇ ಹೊರತು ಸೀಸಕ್ಕಲ್ಲ.

ಪರೀಕ್ಷೆಗೆ ಮಾರ್ಗವಿಲ್ಲದಿಲ್ಲ. ಸೀಸದ ಐಸೋಟೋಪುಗಳ ಅನುಪಾತವು ಅದಿರಿನ ಮೂಲವನ್ನನುಸರಿಸಿ ಬೇರೆಯಾಗುವುದುಂಟು. ಕರಗಿಸಿದ ಮಾತ್ರಕ್ಕೆ ಅದು ಕೆಡುವುದಿಲ್ಲ, ಬೇರೆ ಮೂಲದ ಸೀಸವು ಬೆರೆತರೆ ಮಾತ್ರ ಗುರುತು ಮಸುಳುವುದು. ನಾಣ್ಯಗಳನ್ನು ಈ ಸೀಮೆಯ ಅದಿರಿನೊಡನೆಯೂ ಅನ್ಯಪ್ರದೇಶಗಳ ಅದಿರಿನೊಡನೆಯೂ ಹೋಲಿಸಿ ನೋಡಬೇಕು. ಭಾಷಾಭ್ಯಾಸಿಗಳಾದ ನಾವು ಹಿರೇಗುಂಟನೂರು ಮೊದಲಾದ ಗ್ರಾಮಗಳ ಹೊಲ, ಗುಡ್ಡ, ಹಳ್ಳಗಳ ಹೆಸರುಗಳನ್ನು ಸಂಗ್ರಹಿಸಬೇಕು. ಲೋಹದ ಕಿಟ್ಟವು ಕಂಡರೆ ಸ್ಥಳವನ್ನು ಗುರುತಿಸಬೇಕು. ನಾಡಿನ ಮೇಲಣ ಅಭಿಮಾನವು ಶೋಧನೆಗೆ ಪ್ರೇರಕವಾಗಲಿ. ಪ್ರಮಾಣದ ಸ್ಥಾನವನ್ನು ಮಾತ್ರ ಅದು ಆಕ್ರಮಿಸಬಾರದು.