‘ಸಮಸ್ಥಾನಿ’ ಶಬ್ದದ ಲಕ್ಷಣವಿಮರ್ಶೆ

‘ಐಸೋಟೋಪ್’ ಎಂಬುದಕ್ಕೆ ಕನ್ನಡದಲ್ಲಿ ‘ಸಮಸ್ಥಾನಿ’ ಎಂಬ ಶಬ್ದವು ರೂಢಿಗೆ ಬಂದಿದೆ. ಗ್ರೀಕ್ ಭಾಷೆಯಲ್ಲಿ ‘ಐಸೋಸ್’ ಎಂದರೆ ಸಮ, ‘ಟೋಪೋಸ್’ ಎಂದರೆ ಸ್ಥಾನ. ಆದುದರಿಂದ ಭಾಷಾಂತರವು ನಿರ್ದುಷ್ಟವಾದುದು. ದೋಷವಿರುವುದು ಶಬ್ದದಲ್ಲಲ್ಲ, ಅದಕ್ಕೆ ನಾವು ಹೇಳಿಕೊಡುವ ಲಕ್ಷಣದಲ್ಲಿ. ರಾಸಾಯನಿಕ ಗುಣಗಳಲ್ಲಿ ಅಭಿನ್ನವಾಗಿದ್ದು ತೂಕದಲ್ಲಿ ಮಾತ್ರ ಭಿನ್ನವಾದ ಪರಮಾಣುಗಳೇ ಸಮಸ್ಥಾನಿಗಳೆಂದು ಹೇಳುವುದು ವಾಡಿಕೆ. ಈ ಲಕ್ಷಣವು ಸಾಧುವೇ ಎಂಬುದು ಪ್ರಕೃತ ವಿಚಾರ.

ಒಂದು ಮೂಲವಸ್ತುವಿನ ಪರಮಾಣುಗಳೆಲ್ಲವೂ ಸಮಾನ ತೂಕದವೆಂದು 1808ರಲ್ಲಿ ಡಾಲ್ಟನ್ ಪ್ರತಿಪಾದಿಸಿದನು. ಹಾಗಾದರೆ ಕ್ಲೋರಿನ್ನಿನ ಪರಮಾಣುತೂಕವು 35.45 ಎಂಬ ಭಿನ್ನರಾಶಿಯಾಗಿರುವುದೇಕೆ? ಉತ್ತರದ ದಾರಿ ವಿಕಿರಣಶೀಲ ವಸ್ತುಗಳ ಪರಿಶೋಧನೆಯಿಂದ ತೆರೆಯಿತು. ತೂಕದಲ್ಲಿ ಬೇರೆಯಾದರೂ ರಸಾಯನಕ್ರಿಯೆಯಿಂದ ಬೇರ್ಪಡಿಸಲಾಗದ ವಸ್ತುಗಳು ಆವರ್ತಕ ಕೋಷ್ಟಕದಲ್ಲಿ ಒಂದೇ ಮನೆಯಲ್ಲಿರತಕ್ಕವೆಂದು 1913ರಲ್ಲಿ ಫ್ರೆಡರಿಕ್ ಸಾಡಿ ಸೂಚಿಸಿದನು. ಅವುಗಳಿಗೆ ಹೆಸರನ್ನು ಸೂಚಿಸಿದವಳು ವೈದ್ಯಳೂ ಕಾದಂಬರಿಕಾರಳೂ ಆಗಿದ್ದ ಮಾರ್ಗರೆಟ್ ಟಾಡ್.

ಆ ಹೆಸರಿನ ಸಂಯಮವು ಗಮನಾರ್ಹವಾದುದು. ನ್ಯೂಟ್ರಾನನ್ನು ಚಾಡ್‌ವಿಕ್ ಕಂಡುಹಿಡಿದದ್ದು 1932ರಲ್ಲಿ. ಭೇದದ ಕಾರಣವೇ ತಿಳಿಯದಿದ್ದಾಗ ಹುಟ್ಟಿದ ಶಬ್ದವು ತಿಳಿದಿದ್ದಷ್ಟನ್ನೇ, ಎಂದರೆ ಸ್ಥಾನವನ್ನೇ ಹೇಳಿತು, ‘ಸಮಗುಣಿ’ ಎನ್ನಲಿಲ್ಲ. ಆ ಸ್ಥಾನವನ್ನು ನಿರ್ಣಯಿಸುವುದು ಪ್ರೋಟಾನುಗಳ ಸಂಖ್ಯೆ. ಕ್ಲೋರಿನ್ನಿನ ಪ್ರತಿಯೊಂದು ಪರಮಾಣುವಿನಲ್ಲಿಯೂ 17 ಪ್ರೋಟಾನುಗಳುಂಟು. ನಿಸರ್ಗದಲ್ಲಿ ದೊರೆಯುವ ಕ್ಲೋರಿನ್ನಿನಲ್ಲಿ ಸುಮಾರು ಮುಕ್ಕಾಲು ಪಾಲಿಗೆ 18 ನ್ಯೂಟ್ರಾನುಗಳು, ಉಳಿದ ಕಾಲು ಪಾಲಿಗೆ 20. ಮೇಲಿನ ಭಿನ್ನರಾಶಿಯು ಈ ಮಿಶ್ರಣದ ಸರಾಸರಿಯೇ ಹೊರತು ಯಾವ ಒಂದು ಪರಮಾಣುವಿನ ತೂಕವೂ ಅಲ್ಲ.

ಈಗ ವಾಡಿಕೆಯ ಲಕ್ಷಣವನ್ನು ಪರೀಕ್ಷಿಸೋಣ. 1931ರಲ್ಲಿ ಯೂರಿ ಕಂಡುಹಿಡಿದ ಭಾರ ಜಲಜನಕವು ಸಾಮಾನ್ಯ ಜಲಜನಕದ ಸುಮಾರು ಎರಡರಷ್ಟು ತೂಕವುಳ್ಳದ್ದು. ಅದರಿಂದಾದ ಭಾರಜಲವು ಸೊನ್ನೆಯಲ್ಲಲ್ಲ, 3.8 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಹೆಪ್ಪುಗಟ್ಟುತ್ತದೆ. ಭಾರ ಜಲಜನಕದ ಬಂಧಗಳು ಮುರಿಯುವ ಕ್ರಿಯೆಗಳು ಸಾಮಾನ್ಯವಾಗಿ ನಿಧಾನವಾಗುತ್ತವೆ. ಹೀಗಿರಲು ‘ರಾಸಾಯನಿಕವಾಗಿ ಅಭಿನ್ನ’ ಎಂಬ ಮಾತಿಗೆ ಅವ್ಯಾಪ್ತಿದೋಷವು ತಪ್ಪದು. ‘ತೂಕದಲ್ಲಿ ಮಾತ್ರ’ ಎಂಬುದೂ ನಿಲ್ಲದು. 12 ಅಂಕದ ಇಂಗಾಲವು ಸ್ಥಿರವಾದುದು; 14 ಅಂಕದ್ದು ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಹಳೆಯ ಮರ, ಬಟ್ಟೆ, ಓಲೆಗರಿಗಳ ಕಾಲನಿರ್ಣಯಕ್ಕೆ ಆಧಾರವಾಗಿರುವುದು ಈ ಭೇದವೇ. ಅದನ್ನು ಅಲ್ಲಗಳೆಯುವ ಲಕ್ಷಣವು ನಮ್ಮ ಗ್ರಂಥಸಂಶೋಧಕರಿಗೆ ಒದಗಿರುವ ಒಂದು ಪ್ರಮಾಣವನ್ನೇ ಅರ್ಥವಾಗದಂತೆ ಮಾಡುತ್ತದೆ.

ಆದುದರಿಂದ, ಪ್ರೋಟಾನುಗಳ ಸಂಖ್ಯೆ ಸಮವಾಗಿದ್ದು ನ್ಯೂಟ್ರಾನುಗಳ ಸಂಖ್ಯೆ ಭಿನ್ನವಾದ ಪರಮಾಣುಗಳು ಪರಸ್ಪರ ಸಮಸ್ಥಾನಿಗಳು ಎಂಬಷ್ಟೇ ಲಕ್ಷಣವು ಸಾಕು. ಗುಣಸಾಮ್ಯವನ್ನು ಅದರ ಪ್ರಾಯಿಕ ಫಲವೆಂದು ಬೇರೆಯಾಗಿ ಹೇಳಬೇಕು. ಹಗುರವಾದ ಮೂಲವಸ್ತುಗಳಲ್ಲಿ ಆ ಸಾಮ್ಯವು ಸಡಿಲವಾಗುವುದನ್ನೂ ತಿಳಿಸಬೇಕು. ಶಬ್ದವು ಸ್ಥಾನಸಾಮ್ಯವನ್ನು ಮಾತ್ರ ಹೇಳುತ್ತಿರುವಾಗ ಬೋಧಕರು ಅದಕ್ಕೆ ಸರ್ವಸಾಮ್ಯವನ್ನು ಆರೋಪಿಸುವುದು ಯುಕ್ತವಲ್ಲ.