ಟಿಪ್ಪುವಿನ ಖಡ್ಗವೂ ಶಿರಾ ಸೀಮೆಯ ಪ್ರೇಕ್ಷಕನೂ

ಒಂದೇ ನಾಟಕವನ್ನು ಒಟ್ಟಿಗೆ ಕುಳಿತು ನೋಡಿದ ಇಬ್ಬರು ಎರಡು ಬಗೆಯ ಮನಸ್ಸಿನಿಂದ ಎದ್ದುಹೋಗುವುದು ಹೊಸತೇನೂ ಅಲ್ಲ. ಅದನ್ನು ರುಚಿಭೇದವೆಂದು ಕರೆದು ಅಲ್ಲಿಗೇ ಬಿಡುವುದು ವಿಮರ್ಶಕರ ವಾಡಿಕೆ. ಆದರೆ ಎಲ್ಲ ಭೇದವೂ ರುಚಿಯಿಂದ ಹುಟ್ಟಿದುದಲ್ಲ. 1990ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಗತೊಡಗಿದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಎಂಬ ಹಿಂದೀ ಧಾರಾವಾಹಿಯನ್ನು ಕುರಿತು ಪ್ರೇಕ್ಷಕರಲ್ಲಿ ಉಂಟಾದ ಭಿನ್ನಾಭಿಪ್ರಾಯ ಬೇರೆ ಜಾತಿಯದು. ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಒಂದಾಗಿ ಎಣಿಸಲ್ಪಡುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕಡೆ ನಿಂತು ಅದನ್ನು ವಿಚಾರಮಾಡುವುದು ನಮ್ಮ ಉದ್ದೇಶ. ಈ ನಾಲ್ಕು ತಾಲ್ಲೂಕುಗಳನ್ನೇ ಏಕೆ ಆರಿಸಿಕೊಂಡೆವೆಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಧಾರಾವಾಹಿಗೆ ಮೂಲ ಭಗವಾನ್ ಗಿದ್ವಾನಿಯವರು 1976ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕಾದಂಬರಿ. ಅದನ್ನು ತೆರೆಗೆ ತಂದು ಟಿಪ್ಪುವಿನ ಪಾತ್ರವನ್ನೂ ವಹಿಸಿದವರು ಸಂಜಯ್ ಖಾನ್. ಅಳಿದುಹೋದ ರಾಜ್ಯವೊಂದರ ಕಥೆಯಾದುದರಿಂದ ಅದರ ಮೈಬಣ್ಣವೇ ಕಪ್ಪು: ಯುದ್ಧ, ಒಳಸಂಚು, ಮಿತ್ರದ್ರೋಹ, ಕಡೆಗೆ 1799ರ ಮೇ 4ರಂದು ಶ್ರೀರಂಗಪಟ್ಟಣದ ಪತನ. ಇದಕ್ಕೆ ಕಥೆಯ ಹೊರಗಿನದೊಂದು ಕತ್ತಲೆಯೂ ಸೇರಿಕೊಂಡಿತು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹೊತ್ತಿ 60ಕ್ಕೂ ಮಿಕ್ಕಿ ಜನ ಸತ್ತರು. ನಾಯಕ ಪಾತ್ರಧಾರಿಯೂ ಮೈಸುಟ್ಟು ಬಹುಕಾಲ ಆಸ್ಪತ್ರೆಯಲ್ಲಿ ಮಲಗಿದರು. ಆ ನಡುವೆ ನಿರ್ದೇಶನದ ಹೊಣೆಯನ್ನು ಅಕ್ಬರ್ ಖಾನ್ ಹೊತ್ತರು. ಕನ್ನಡನಾಡಿನ ಪ್ರೇಕ್ಷಕ ಈ ಸುದ್ದಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಪೆಟ್ಟಿಗೆಯ ಮುಂದೆ ಕುಳಿತನು. ತೆರೆಯ ಮೇಲಿನ ಸಾವಿಗೂ ತೆರೆಯ ಹಿಂದಿನ ಸಾವಿಗೂ ನಡುವೆ ಗೆರೆ ಎಳೆಯುವುದು ಅವನಿಗೆ ಸುಲಭವಾಗಿರಲಾರದು.

ಪ್ರಸಾರಕ್ಕೆ ಮುನ್ನವೇ ವಿವಾದ ಎದ್ದಿತು. ಮಲಬಾರು ಮೊದಲಾದ ಕಡೆಗಳಿಂದ ಆಕ್ಷೇಪ ಬಂದಿತು. ವಿಷಯ ನ್ಯಾಯಾಲಯವನ್ನು ಮುಟ್ಟಿತು. ಕಡೆಗೆ, ಇದು ಕಾದಂಬರಿಯನ್ನು ಆಧರಿಸಿದ ಕಲ್ಪಿತ ಕಥೆಯೆಂಬ ಪ್ರಕಟನೆಯೊಡನೆ ಧಾರಾವಾಹಿ ಹೊರಬಂದಿತು. ಒಂದು ಪಕ್ಷದವರು, ಇಂಗ್ಲಿಷರಿಗೆ ಮಣಿಯದೆ ಕತ್ತಿ ಹಿಡಿದೇ ಮಡಿದ ದೊರೆಯನ್ನು ದೇಶಕ್ಕೆ ತೋರಿಸಿತೆಂದು ಮೆಚ್ಚಿದರು. ಮತ್ತೊಂದು ಪಕ್ಷದವರು, ಅವನ ದಂಡು ನಡೆದ ದಾರಿಯಲ್ಲಿ ಉರಿದುಹೋದುದನ್ನು ಮರೆಸಿತೆಂದು ಹಳಿದರು. ಈ ಎರಡು ಪಕ್ಷಗಳ ಮಾತು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಅದೇ ಜಗಳ ಕಾಲು ಶತಮಾನದ ಮೇಲೆ, 2015ರಿಂದ ಸರ್ಕಾರ ಟಿಪ್ಪು ಜಯಂತಿಯನ್ನು ನಡೆಸಿ 2019ರಲ್ಲಿ ಅದನ್ನು ನಿಲ್ಲಿಸಿದಾಗ, ಹೆಚ್ಚು ಕಡಿಮೆ ಅದೇ ಮಾತುಗಳಲ್ಲಿ ಮರುಕಳಿಸಿತು. ಆದುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಎರಡು ಪಕ್ಷಗಳೂ ಧಾರಾವಾಹಿಯನ್ನು ನಾಟಕವೆಂದು ನೋಡದೆ ಸಾಕ್ಷಿಯ ಹೇಳಿಕೆಯೆಂದು ನೋಡಿದುವು ಎಂಬುದಷ್ಟನ್ನು ಗಮನಿಸಿದರೆ ಸಾಕು.

ನಾವು ಹೇಳಬೇಕೆಂದಿರುವುದು ಮೂರನೆಯ ಬಗೆಯ ಪ್ರೇಕ್ಷಕನನ್ನು ಕುರಿತು. ಅವನು ಮೆಚ್ಚಲೂ ಇಲ್ಲ, ಹಳಿಯಲೂ ಇಲ್ಲ. ನೋಡುತ್ತ ಹೋದಂತೆ ಅವನ ಮನಸ್ಸು ಮಾತ್ರ ಬೇರೆ ಕಡೆ ಹೊರಳಿತು. ಈ ಸೀಮೆಯಲ್ಲಿ ಅಂಥವರ ಮಾತನ್ನು ಅಲ್ಲಲ್ಲಿ ಕೇಳಿದ್ದೇವೆ. ಭಾಷೆಯೂ ಇದಕ್ಕೆ ಒಂದು ಕಾರಣವಿರಬಹುದು. ಶಿರಾದಲ್ಲಿ ದಖನಿ ಆಡುವ ಮನೆಗಳಿಗೆ ಧಾರಾವಾಹಿಯ ಮಾತು ಹತ್ತಿರವಾದಷ್ಟು ಸುತ್ತಣ ಕನ್ನಡದ ಹಳ್ಳಿಗಳಿಗೆ ಆಗಲಿಲ್ಲ. ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿದು, ತೆಲುಗನ್ನೂ ಕನ್ನಡವನ್ನೂ ಕೂಡಿ ಆಡುವ ಪಾವಗಡಕ್ಕಂತೂ ಅದು ಇನ್ನೂ ದೂರ. ಆದರೆ ಮುಖ್ಯ ಕಾರಣ ಭಾಷೆಯಲ್ಲ, ನೆಲ.

ಶಿರಾ ಎಂದರೆ ಒಂದು ಕಾಲಕ್ಕೆ ಮೊಗಲರ ಸುಬೆಯ ರಾಜಧಾನಿ. 1687ರಿಂದ ಎಪ್ಪತ್ತು ವರ್ಷ ಆ ಹಿರಿಮೆ ಅದಕ್ಕಿದ್ದಿತು. ದಿಲಾವರ್ ಖಾನನ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂಬ ಹೇಳಿಕೆಯಿದೆ. ಹೈದರನಿಗೆ 1761ರಲ್ಲಿ ಸಿಕ್ಕಿದ ನವಾಬ ಪದವಿಯೂ ‘ಶಿರಾದ ನವಾಬ’ ಎಂಬುದೇ. ಇಷ್ಟು ದೊಡ್ಡ ಊರು ಇಂದು ತಾಲ್ಲೂಕಿನ ಪಟ್ಟಣವಾಗಿ ಉಳಿದುದಕ್ಕೆ ಮರಾಠರ ದಂಡಯಾತ್ರೆಗಳೂ ಕಾರಣ; ಆದರೆ ರೈಸ್ ಸಾಹೇಬರು ತಮ್ಮ ಗೆಜೆಟಿಯರಿನಲ್ಲಿ ಇನ್ನೊಂದು ಸಂಗತಿಯನ್ನೂ ಹೇಳುತ್ತಾರೆ. ಶ್ರೀರಂಗಪಟ್ಟಣದ ಮಗ್ಗುಲಲ್ಲಿ ಗಂಜಾಮ್ ಪೇಟೆಯನ್ನು ಕಟ್ಟುವಾಗ ಅದಕ್ಕೆ ಜನ ಬೇಕೆಂದು ಟಿಪ್ಪು ಶಿರಾದಿಂದ 12,000 ಸಂಸಾರಗಳನ್ನು ಬಲವಂತವಾಗಿ ಎಬ್ಬಿಸಿ ಕರೆದೊಯ್ದನು. ಅಂಕಿ ಒಂದಿಷ್ಟು ಹೆಚ್ಚಿರಬಹುದು, ಕಡಮೆಯಿರಬಹುದು. ಎದ್ದುಹೋದ ಮನೆಗಳಲ್ಲಿ ಹಿಂದೂಗಳೂ ಇದ್ದಿರಬೇಕು, ಮುಸಲ್ಮಾನರೂ ಇದ್ದಿರಬೇಕು. ಈ ದುಃಖವನ್ನು ಮತದ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಅದಕ್ಕಾಗಿಯೇ ಎರಡು ಪಕ್ಷಗಳಿಗೂ ಇದು ಬೇಡವಾಯಿತೋ ಏನೋ.

ಮಧುಗಿರಿಯ ಸಂಗತಿ ಇನ್ನೂ ನಾಟಕೀಯವಾದುದು. 1763ರಲ್ಲಿ ಬಿದನೂರು ಹೈದರನ ಕೈಸೇರಿದ ಮೇಲೆ ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಪುತ್ರನನ್ನೂ ಈ ಬೆಟ್ಟದ ಕೋಟೆಯಲ್ಲಿ ಸೆರೆಯಿಟ್ಟರು. ಹತ್ತುವವನ ಎದೆ ನಡುಗಿಸುವ ಆ ಒಂಟಿಬಂಡೆಯ ಮೇಲೆ ಮಲೆನಾಡಿನ ರಾಣಿ ನಾಲ್ಕು ವರ್ಷ ಕಳೆದಳು. 1767ರಲ್ಲಿ ಮಾಧವರಾಯ ಪೇಶ್ವೆ ಕೋಟೆಯನ್ನು ಗೆದ್ದು ಅವರನ್ನು ಬಿಡಿಸಿದನು. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗವೂ ಹೀಗೆಯೇ ಮೈಸೂರಿನವರ ಕೈಗೂ ಮರಾಠರ ಕೈಗೂ ಹೋಗಿ ಬಂದ ಕೋಟೆ. ಇಂಥ ಬೆಟ್ಟಗಳ ಬುಡದಲ್ಲಿ ಬೆಳೆದವನು ಶ್ರೀರಂಗಪಟ್ಟಣದ ಕಥೆಯನ್ನು ನೋಡುವಾಗ ತನ್ನ ಬೆಟ್ಟವನ್ನೂ ಅದರೊಳಗೆ ಹುಡುಕುವುದು ಸಹಜ. ನಾಯಕನೊಬ್ಬನ ಹೆಸರನ್ನೇ ಹೊತ್ತ ಕಥನದಲ್ಲಾದರೋ ಇದಕ್ಕೆ ಸ್ಥಳ ಕಿರಿದು. ಅದರ ಲೆಕ್ಕದಲ್ಲಿ ಬಿದನೂರು ಒಂದು ವಿಜಯ. ಮಧುಗಿರಿಯ ಲೆಕ್ಕದಲ್ಲಿ ಅದೇ ಒಂದು ಸೆರೆಮನೆ.

ಇದನ್ನು ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಇದು ರಸವಿಘ್ನದ ಪ್ರಶ್ನೆ. ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಮೂರು ಇಲ್ಲಿಗೆ ಸಲ್ಲುತ್ತವೆ. ನಡೆಯುತ್ತಿರುವುದು ಸಂಭವನೀಯವೆಂಬ ನಂಬಿಕೆ ಹುಟ್ಟದಿರುವುದು ಒಂದು. ಭಾವವನ್ನು ‘ಇದು ನನ್ನದು’ ಅಥವಾ ‘ಇದು ಪರರದು’ ಎಂದು ಗಂಟುಹಾಕಿಬಿಡುವುದು ಇನ್ನೊಂದು. ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿ ಪರವಶನಾಗಿರುವುದು ಮತ್ತೊಂದು. ಮೊದಲನೆಯದಕ್ಕೆ ಅವನು ಹೇಳುವ ಪರಿಹಾರ, ರಾಮನೇ ಮೊದಲಾದ ಪ್ರಖ್ಯಾತ ನಾಮಗಳನ್ನು ಹಿಡಿಯುವುದು. ಎರಡನೆಯದಕ್ಕೆ ಪೂರ್ವರಂಗ, ಪ್ರಸ್ತಾವನೆ, ವೇಷ ಮುಂತಾದುವು. ನಟನು ನಟನೆಂಬುದನ್ನು ಮರೆಸಿ, ಪ್ರೇಕ್ಷಕನನ್ನು ಅವನ ಮನೆಮಠಗಳಿಂದ ಬಿಡಿಸಿ, ಕಥೆಯ ಲೋಕಕ್ಕೆ ಕರೆದೊಯ್ಯುವ ಬಾಗಿಲು ಪ್ರಸ್ತಾವನೆ.

ಧಾರಾವಾಹಿಯ ಮುನ್ನ ಬಂದ ಪ್ರಕಟನೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಅದೂ ಒಂದು ಪ್ರಸ್ತಾವನೆಯೇ; ಆದರೆ ತಿರುಗುಮುರುಗಾದ ಪ್ರಸ್ತಾವನೆ. ಟಿಪ್ಪು ಎಂಬ ಪ್ರಖ್ಯಾತ ನಾಮದಿಂದ ಬರುವ ನಂಬಿಕೆ ಧಾರಾವಾಹಿಗೆ ಬೇಕಾಗಿದ್ದಿತು. ಆ ನಾಮಕ್ಕೆ ಅಂಟಿಕೊಂಡು ಬರುವ ಋಣ ಮಾತ್ರ ಬೇಡವಾಗಿದ್ದಿತು. ಇದು ಕಲ್ಪನೆ ಎಂದು ಹೇಳಿದ ಕೂಡಲೆ ಮೆಚ್ಚುವವನ ನಂಬಿಕೆ ಅಲುಗಿತು. ನೊಂದವನ ನೋವಾದರೋ ಅಲುಗಲಿಲ್ಲ. ಒಂದು ವಿಘ್ನವನ್ನು ಕಳೆಯಹೋಗಿ ಮೂರನ್ನೂ ಎಬ್ಬಿಸಿದಂತಾಯಿತು. ನ್ಯಾಯಾಲಯದ ದೃಷ್ಟಿಯಿಂದ ಆ ಪ್ರಕಟನೆ ಉಚಿತವೇ ಇರಬಹುದು. ಕಲೆಯ ದೃಷ್ಟಿಯಿಂದ ಅದು ನಿಷ್ಫಲ.

ಹಾಗಾದರೆ ಇಂಥ ವಸ್ತುವಿನಲ್ಲಿ ವಿಘ್ನ ಕಳೆಯುವ ಬಗೆ ಯಾವುದು? ಎಲ್ಲರ ದುಃಖವನ್ನೂ ಅಳೆದು ಅಳೆದು ಹಂಚುವುದು ನಾಟಕದ ಕೆಲಸವಲ್ಲ, ಅದು ಇತಿಹಾಸಕಾರನ ಕೆಲಸ ಎಂದು ಕೆಲವರು ಹೇಳಬಹುದು. ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ನಮ್ಮ ಸಾಹಿತ್ಯದಲ್ಲೇ ಇದಕ್ಕೆ ಉತ್ತರವಿದೆ. ರನ್ನನು ಗದಾಯುದ್ಧವನ್ನು ಬರೆದುದು ತನ್ನ ಆಶ್ರಯದಾತನನ್ನು ಭೀಮನೊಡನೆ ಸಮೀಕರಿಸಿ, ಅವನ ಗೆಲವನ್ನು ಹಾಡುವುದಕ್ಕಾಗಿ. ಹಾಗಿದ್ದೂ ಆ ಕಾವ್ಯವನ್ನು ಓದಿ ಮುಗಿಸಿದವನು ಮರುಗುವುದು ದುರ್ಯೋಧನನಿಗಾಗಿ. ಕವಿ ಭೀಮನಿಗೆ ದ್ರೋಹ ಬಗೆದನೆಂದು ಸಹೃದಯರಾರೂ ದೂರಲಿಲ್ಲ. ಎದುರಾಳಿಯ ಅಳಲಿಗೆ ಎಡೆ ಕೊಟ್ಟುದರಿಂದ ನಾಯಕ ಕುಗ್ಗುವುದಿಲ್ಲ.

ಟಿಪ್ಪುವಿನ ಕಥೆಯಲ್ಲಿಯೇ ಇದಕ್ಕೆ ಒದಗಿಬರುವ ಸನ್ನಿವೇಶ ಉಂಟು. 1792ರ ಒಪ್ಪಂದದಂತೆ ಅವನು ತನ್ನ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಬೇಕಾಯಿತು. ಟಿಪ್ಪುವನ್ನು ಯಾರು ರಂಗಕ್ಕೆ ತಂದರೂ ಇದನ್ನು ಬಿಡಲಾರರು. ಕರುಣರಸದ ಬುಗ್ಗೆಯೇ ಅಲ್ಲಿದೆ. ಆದರೆ ಮಧುಗಿರಿಯ ಪ್ರೇಕ್ಷಕನಿಗೆ ಆ ಮಕ್ಕಳನ್ನು ಕಂಡಾಗ ಇನ್ನೊಬ್ಬ ಬಾಲಕನ ನೆನಪಾಗುತ್ತದೆ. ಆ ತಂದೆಯ ತಂದೆಯಿಂದ ಸೆರೆಗೆ ಬಿದ್ದು ತಮ್ಮೂರ ಬೆಟ್ಟದ ಮೇಲಿದ್ದ ಬಿದನೂರಿನ ಹುಡುಗ ಅವನು. ಒತ್ತೆಯ ಮಕ್ಕಳ ಪಲ್ಲಕ್ಕಿ ಹೊರಟ ಗಳಿಗೆಯಲ್ಲಿ ಟಿಪ್ಪುವಿನ ಬಾಯಲ್ಲಿ ಆ ಹುಡುಗನ ಹೆಸರು ಒಮ್ಮೆ ಬಂದಿದ್ದರೆ! ಅದಕ್ಕೆ ಇತಿಹಾಸದ ಆಧಾರ ಬೇಕಿಲ್ಲ. ಕಲ್ಪನೆಯೆಂಬ ಪ್ರಕಟನೆಗೆ ಅದರಿಂದ ಒಂದು ಅರ್ಥವಾದರೂ ಬರುತ್ತಿತ್ತು. ಬಿದನೂರಿನ ಅರಮನೆಯ ಕತ್ತಲೆಯನ್ನು ಕುವೆಂಪು ‘ರಕ್ತಾಕ್ಷಿ’ಯಲ್ಲಿ ಹ್ಯಾಮ್ಲೆಟ್ ನಾಟಕದ ಜಾಡು ಹಿಡಿದು ರುದ್ರನಾಟಕವಾಗಿಸಿದರು. ಮಧುಗಿರಿಯ ಸೆರೆಯನ್ನು ವಸ್ತುವಾಗುಳ್ಳ ಅಂಥ ನಾಟಕವೊಂದನ್ನು ಈ ಸೀಮೆಯ ತರುಣರಲ್ಲಿ ಯಾರಾದರೂ ಬರೆದಾರೆಂದು ನಾವು ಎದುರುನೋಡುತ್ತಿದ್ದೇವೆ.

ಇದಕ್ಕೆ ಎರಡು ವರ್ಷ ಮೊದಲು, 1988ರ ಜನವರಿಯಲ್ಲಿ, ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿ ಗೋವಿಂದ ನಿಹಲಾನಿ ನಿರ್ದೇಶಿಸಿದ ‘ತಮಸ್’ ಪ್ರಸಾರವಾಗಿದ್ದಿತು. ದೇಶವಿಭಜನೆಯ ಗಲಭೆಯ ಕಥೆ, ಹೆಸರೇ ಕತ್ತಲೆ. ಅದನ್ನು ನಿಲ್ಲಿಸಬೇಕೆಂಬ ಮೊಕದ್ದಮೆ ಬೊಂಬಾಯಿಯ ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಬೊಂಬಾಯಿಯ ನ್ಯಾಯಾಧೀಶರು ತಾವೇ ಕುಳಿತು ಧಾರಾವಾಹಿಯನ್ನು ನೋಡಿದರು. ಇಂಥ ಕೃತಿಯ ಪರಿಣಾಮವನ್ನು ಗಟ್ಟಿಮನಸ್ಸಿನ, ವಿವೇಕವುಳ್ಳ ಸಾಮಾನ್ಯನನ್ನು ಅಳತೆಗೋಲಾಗಿಟ್ಟುಕೊಂಡು ತೂಗಬೇಕೇ ಹೊರತು, ಎಲ್ಲೆಲ್ಲಿಯೂ ಅಪಾಯವನ್ನೇ ಮೂಸುವ ದುರ್ಬಲನನ್ನಲ್ಲ ಎಂಬ ಹಳೆಯ ಸೂತ್ರವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಕಾನೂನಿನ ಪುಸ್ತಕದಲ್ಲಿ ಸಹೃದಯನ ಲಕ್ಷಣ ಸಿಕ್ಕಿದ್ದು ನಮಗೆ ಸಂತೋಷದ ವಿಷಯ. ಆದರೆ ‘ತಮಸ್’ ಆ ಪ್ರೇಕ್ಷಕನ ಗಟ್ಟಿತನವನ್ನು ನಂಬಿದುದರಿಂದಲೇ ಉಳಿಯಿತೆನ್ನಬೇಕು. ಅಲ್ಲಿ ಹಂದಿಯನ್ನು ಕೊಂದ ನತ್ಥು ಏನು ನಡೆಯಲಿದೆಯೆಂದು ಅರಿಯದ ಬಡ ಚರ್ಮಕಾರ. ಪಾಪ ಯಾರೊಬ್ಬನ ತಲೆಯ ಮೇಲೂ ಇಳಿಯದೆ ಊರಿನ ಮೇಲೆಲ್ಲ ಕವಿಯುತ್ತದೆ. ಟಿಪ್ಪುವಿನ ಧಾರಾವಾಹಿಯಲ್ಲಾದರೋ ಕತ್ತಲೆ ಇರುವುದು ನಾಯಕನ ಸುತ್ತ, ಅವನ ಒಳಗಲ್ಲ. ಮೀರ್ ಸಾದಿಕನಂಥ ದ್ರೋಹಿ ಆ ಕತ್ತಲೆಯನ್ನೆಲ್ಲ ಹೊರುತ್ತಾನೆ. ಗಟ್ಟಿಮನಸ್ಸಿನ ಪ್ರೇಕ್ಷಕನಿಗೆ ಅಲ್ಲಿ ಮಾಡಬೇಕಾದ ಕೆಲಸವೇ ಉಳಿಯುವುದಿಲ್ಲ.

ಗಿರೀಶ ಕಾರ್ನಾಡರು ಮೊದಲಿಗೆ ಬಿ.ಬಿ.ಸಿ. ಬಾನುಲಿಗಾಗಿ ಬರೆದ ಟಿಪ್ಪುವಿನ ಕನಸುಗಳ ನಾಟಕದಲ್ಲಿ ಈ ತೊಡಕನ್ನು ಅರಿತಿದ್ದಾರೆ. ಅಲ್ಲಿ ಕಥೆಯನ್ನು ತೆರೆಯುವವರು ಸುಲ್ತಾನನ ಚರಿತ್ರಕಾರ ಕಿರ್ಮಾನಿ ಮತ್ತು ಇಂಗ್ಲಿಷರ ಮೆಕೆಂಝಿ. ಸೋತವರ ಕಡೆಯ ಮಾತು, ಗೆದ್ದವರ ಕಡೆಯ ಮಾತು ಎರಡೂ ಮುಖಾಮುಖಿಯಾಗುವುದರಿಂದ ಸಂದೇಹಕ್ಕೆ ನಾಟಕದೊಳಗೇ ಮನೆ ದೊರೆಯುತ್ತದೆ. ಪ್ರಸ್ತಾವನೆಯೆಂದರೆ ಇದು. ಆದರೂ ಅಲ್ಲಿ ಮಾತನಾಡುವವರು ಇಬ್ಬರೇ. ಗಂಜಾಮಿನ ದಾರಿ ಹಿಡಿದವರ ಮಾತು ಅಲ್ಲಿಯೂ ಕೇಳಿಬರುವುದಿಲ್ಲ. ಬಿಡುಗಡೆಯಾದ ವೀರಮ್ಮಾಜಿ ಪುಣೆಯನ್ನು ಮುಟ್ಟಲಿಲ್ಲ, ದಾರಿಯಲ್ಲೇ ತೀರಿಕೊಂಡಳೆಂದು ಚರಿತ್ರಕಾರರು ಬರೆದಿದ್ದಾರೆ. ಶಿರಾದಿಂದ ಹೊರಟ ಸಂಸಾರಗಳಲ್ಲಿ ದಾರಿಯಲ್ಲಿ ತೀರಿಕೊಂಡವರೆಷ್ಟೆಂಬುದನ್ನು ಯಾರೂ ಬರೆದಿಡಲಿಲ್ಲ.